ಬಾಗಿಲಿಗೆ ಅಂಟಿಸುವ ಕಾಗದ

ಹಿಸಾನೊ ಕ್ಯೋಟೋದ ಕುಜುಮಿ ಗುರುಗಳ ಮುದ್ರಣಶಾಲೆಗೆ ಸೇರಿದಾಗ ಹರೆಯದ ಹುಡುಗಿ. ಕೂದಲು ನರೆಯತೊಡಗಿದಾಗಲೂ ಅಲ್ಲೇ ಇದ್ದಳು. ಪ್ಲಾಟಿನಂ, ಪಲ್ಲೇಡಿಯಂ ಲವಣಗಳ ದ್ರಾವಣವನ್ನು ಕಾಗದಕ್ಕೆ ಬಳಿದು, ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು, ಬಿಸಿಲಿಗೆ ಹಿಡಿದು ಫೋಟೊ ಮೂಡಿಸುವುದು ಅಲ್ಲಿನ ಕಸುಬು. ಇಲ್ಲಿ ಚಿತ್ರ ಕಾಗದದ ಮೇಲೆ ಕೂರುವುದಿಲ್ಲ, ನಾರಿನೊಳಕ್ಕೇ ಇಳಿಯುತ್ತದೆ. ಕಾಗದ ಕೈಕೊಟ್ಟರೆ ಎಲ್ಲ ಕೈಕೊಟ್ಟಂತೆ. ಶಾಲೆಯಲ್ಲಿ ಬಳಸುತ್ತಿದ್ದದ್ದು ಯುರೋಪಿನಿಂದ ಬರುವ ದಪ್ಪನೆಯ ಹತ್ತಿ ಕಾಗದ ಒಂದನ್ನೇ. ಬೇರೆಯದರ ಸುದ್ದಿ ಎತ್ತಿದರೆ ಗುರುಗಳು ಕುಂಚ ಕೆಳಗಿಡುತ್ತಿದ್ದರು. ಆ ದಿನ ಯಾರಿಗೂ ಊಟ ರುಚಿಸುತ್ತಿರಲಿಲ್ಲ.

ಒಂದು ವರ್ಷ ಆ ಕಾಗದದವರು ಬಾಳಿಕೆ ಬರಲೆಂದು ಅದಕ್ಕೆ ಸುಣ್ಣದ ಪುಡಿ ಬೆರೆಸತೊಡಗಿದರು. ಸುಣ್ಣಕ್ಕೂ ಈ ದ್ರಾವಣಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಬಿಳುಪು ಹಳದಿಗೆ ತಿರುಗಿತು, ಕಪ್ಪು ಬೂದಿಯಾಯಿತು. ಗುರುಗಳು ಸೋಲುವವರಲ್ಲ. ಹಾಳೆಗಳನ್ನು ಆಮ್ಲದಲ್ಲಿ ನೆನೆಸಿ ಸುಣ್ಣ ತೆಗೆಸಿದರು. ಉಪಾಯ ಫಲಿಸಿತು, ಆದರೆ ಹಾಳೆಯ ಮೈ ತರಿತರಿಯಾಯಿತು.

ಆ ಸಲದ ವಾರ್ಷಿಕ ಪ್ರದರ್ಶನಕ್ಕೆಂದು ಹಿಸಾನೊ ತನ್ನ ಚಿಕ್ಕಮ್ಮನ ಫೋಟೊಗಳನ್ನು ತೆಗೆದಿದ್ದಳು. ಚಿಕ್ಕಮ್ಮ ಶಿಮಾ ಕರಾವಳಿಯಲ್ಲಿ ಮುಳುಗಿ ಚಿಪ್ಪು ಹೆಕ್ಕುವವಳು. ಸಾಲಾಗಿ ಹೆಣ್ಣೇ ಹುಟ್ಟಿದ್ದಕ್ಕೆ ರೋಸಿ ಅಪ್ಪ ಇಟ್ಟ ಹೆಸರು ತೊಮೆ. ಅಂದರೆ, ಸಾಕು. ಆಗಷ್ಟೇ ನೀರಿನಿಂದ ಎದ್ದ ಅವಳ ಮುಖ ಹತ್ತಿ ಕಾಗದದ ಮೇಲೆ ಮೂಡಿತು. ಒಂದು ಸುಕ್ಕೂ ಬಿಟ್ಟುಹೋಗಿರಲಿಲ್ಲ, ಆದರೆ ಚರ್ಮ ಗಾರೆ ಬಳಿದ ಗೋಡೆಯಂತಿತ್ತು. ಹಿಸಾನೊಗೆ ಮೈಯೆಲ್ಲ ಉರಿಯಿತು.

ಅವಳು ತನ್ನ ಮನೆಯಲ್ಲೇ ಬೇರೆ ಕಾಗದಗಳನ್ನು, ಅಲ್ಲಿನವರು ಜಾರುಬಾಗಿಲ ಮರದ ಜಾಲರಿಗೆ ಅಂಟಿಸುವಂಥ ನಾಡ ಕಾಗದಗಳನ್ನು, ಪರೀಕ್ಷಿಸತೊಡಗಿದಳು. ಕೋಜೊ ತೊಗಟೆಯ ಕಾಗದದಲ್ಲಿ ಉದ್ದುದ್ದ ನಾರು, ನೆರಳೆಲ್ಲ ಕಲೆಕಲೆಯಾಯಿತು. ಮಿತ್ಸುಮಾತ ಪೊದೆಯ ತೊಗಟೆಯದ್ದು ಕುಂಚ ತಾಗುತ್ತಲೇ ನಾರೆದ್ದು ಜುಂಜಾಯಿತು. ಕೊನೆಗೆ ಗಂಪಿ ಎಂಬ ಕಾಡುಪೊದೆಯ ತೊಗಟೆಯದ್ದು. ಈರುಳ್ಳಿ ಸಿಪ್ಪೆಯಷ್ಟು ತೆಳು, ರೇಷ್ಮೆಯ ಹೊಳಪು. ಒಣ ಹವೆಯಲ್ಲಿ ಬಳಿದರೆ ಪಟ್ಟೆ ಬೀಳುತ್ತಿತ್ತು, ನೀರಿಗೆ ಬಿಟ್ಟರೆ ಒದ್ದೆ ಬಟ್ಟೆಯಂತೆ ಮುದ್ದೆಯಾಗುತ್ತಿತ್ತು. ಹರಿದವು ಎಷ್ಟೋ. ಕೆಳಗೆ ಪ್ಲಾಸ್ಟಿಕ್ ಹಾಳೆ ಕೊಟ್ಟು ಎತ್ತುವುದನ್ನು ಕಲಿತ ಮೇಲೆ, ಮೋಡ ಕವಿದು ಗಾಳಿ ತೇವವಾಗಿದ್ದ ಒಂದು ದಿನ ಬಳಿದ ಹಾಳೆಯಲ್ಲಿ ತೊಮೆಯ ಕೆನ್ನೆ ಒದ್ದೊದ್ದೆಯಾಗಿ ಹೊಳೆಯಿತು.

ಅದನ್ನು ಗುರುಗಳ ಮುಂದೆ ಇಟ್ಟಳು.

"ಏನಿದು?"

"ಗಂಪಿ, ಗುರುಗಳೇ."

"ನನಗೂ ಕಣ್ಣಿದೆ. ಬಾಗಿಲಿಗೆ ಅಂಟಿಸೋ ಕಾಗದ ಇಲ್ಲಿಗ್ಯಾಕೆ ತಂದೆ ಅಂತ ಕೇಳ್ತಿದೀನಿ."

"ಹತ್ತಿ ಕಾಗದದಲ್ಲಿ ಚಿಕ್ಕಮ್ಮ ಸಿಗಲಿಲ್ಲ. ಇದರಲ್ಲಿ ಸಿಕ್ಕಿದಳು."

"ಚೌಕಟ್ಟಲ್ಲಿ ನೆಟ್ಟಗೆ ಕೂರಲ್ಲ ಇದು. ಕೆಂಡಕ್ಕೆ ಹಿಡಿದ ಕಡಲಪಾಚಿ ಥರ ಮುದುರುತ್ತೆ."

"ಮುದುರಲಿ."

ಆ ಶಾಲೆಯಲ್ಲಿ ಅಂಥ ಮಾತನ್ನು ಯಾರೂ ಆಡಿದ್ದಿಲ್ಲ. ಗುರುಗಳು ಕುಂಚ ಕೆಳಗಿಟ್ಟರು. "ಹತ್ತಿ ಕಾಗದದಲ್ಲಿ ಮಾಡಿ ತಾ. ಇಲ್ಲಾಂದ್ರೆ ಪ್ರದರ್ಶನದಲ್ಲಿ ನಿನ್ನ ಗೋಡೆ ಖಾಲಿ."

"ಖಾಲೀನೇ ಇರಲಿ ಗುರುಗಳೇ. ಆದ್ರೆ ಇನ್ನೊಬ್ಬರ ಚಿತ್ರ ಹಾಕಿ ಮುಚ್ಚಬೇಡಿ. ಖಾಲಿ ಅಂತ ಕಾಣಲಿ."

ಮೇಲಂಗಿ ಕಳಚಿ ಮಡಿಸಿಟ್ಟು, ತಲೆಬಾಗಿ ವಂದಿಸಿ ಹೊರಟಳು. ಹಾಳೆಗಳನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟು ಶಿಮಾದ ರೈಲು ಹತ್ತಿದಳು. ಬಿಟ್ಟು ಬಂದದ್ದು ಇಷ್ಟು ವರ್ಷದ ಅನ್ನದ ಜಾಗ. ಆದರೂ ಆಡಿದ ಮಾತು ವಾಪಸು ತೆಗೆದುಕೊಳ್ಳಬೇಕೆಂದು ಅನಿಸಲಿಲ್ಲ.

ಶಿಮಾದಲ್ಲಿ ಮುಳುಗುವ ಹೆಂಗಸರು ಗುಡಿಸಲಿನಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದರು. ನಡೆದದ್ದನ್ನು ಕೇಳಿದ ತೊಮೆ ಕೈ ಚಾಚಿದಳು. "ಎಲ್ಲಿ, ತೋರ್ಸು ನನ್ನ ಮೋರೆ. ಅಯ್ಯಯ್ಯೋ, ಇದು ನಮ್ಮಪ್ಪ ಕಣೇ! ಮೀಸೆ ಒಂದು ಇಲ್ಲ."

"ಸರಿಯಾಗಿ ನೋಡಕ್ಕ, ಮೀಸೆನೂ ಐತೆ," ಎಂದಳು ಪಕ್ಕದವಳು. ಗುಡಿಸಲೆಲ್ಲ ನಗೆ.

ತೊಮೆ ಮಾತ್ರ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. "ನೀರಿಂದ ಎದ್ದಾಗ ನಾನು ಹಿಂಗಿರ್ತೀನಾ?"

"ಹೂಂ ಚಿಕ್ಕಮ್ಮ."

"ಮತ್ತೆ ಸುತ್ತಿ ಪೆಟ್ಟಿಗೇಲಿ ಯಾಕಿಡ್ತೀಯಾ? ತೂಗ್ಹಾಕು!"

ಕ್ಯೋಟೋದಲ್ಲಿ ಪ್ರದರ್ಶನ ತೆರೆದ ದಿನವೇ, ಊರಿನ ಮೀನುಗಾರರ ಸಂಘದವರು ಚಿಪ್ಪು ತೂಗುವ ಕೊಟ್ಟಿಗೆಯಲ್ಲಿ ಹಿಸಾನೊ ಕಿಟಕಿಗಳಿಗೆ ಹುರಿ ಕಟ್ಟಿದಳು. ಸಂಘದ ಅಧ್ಯಕ್ಷ ಅಡ್ಡ ಬಂದ. ತೊಮೆ, "ನಿಂಗೆ ಈಜು ಕಲಿಸಿದೋಳು ನಾನು. ಸರಿ ಪಕ್ಕಕ್ಕೆ," ಎಂದಳು. ಅವನು ಸರಿದ. ಚೌಕಟ್ಟಿಲ್ಲ, ಗಾಜಿಲ್ಲ. ಕಡಲಿನ ಬೆಳಕು ಹಾಳೆಗಳನ್ನು ಹಾದು ಒಳಬಂತು. ಹಾಳೆಗಳು ಮುದುರಿದವು ಕೂಡ.

ಗುರುಗಳು ಕೊನೆಯ ದಿನ ಕೊಟ್ಟಿಗೆಗೆ ಬಂದರು. ಒಂದೊಂದರ ಮುಂದೆಯೂ ಕೈಕಟ್ಟಿ ನಿಂತು ನೋಡಿದರು. "ನನ್ನ ಮಾತು ಬದಲಾಗಲ್ಲ," ಎಂದರು.

"ನಂದೂ ಅಷ್ಟೇ, ಗುರುಗಳೇ. ಗೋಡೆ ಖಾಲಿ ಬಿಟ್ರಾ?"

"ಇಲ್ಲ. ನನ್ನವೇ ಎರಡು ಹಾಕಿದೆ."

ತೊಮೆ ಸುಟ್ಟ ಚಿಪ್ಪಿನ ತಟ್ಟೆ ಮುಂದಿಟ್ಟಳು. ಅವರು ತಿಂದು, ಚೆನ್ನಾಗಿದೆ ಎಂದು ಹೇಳಿ ಹೋದರು.

ಮರುವರ್ಷ ಶಾಲೆಯ ಹಳೆಯ ಜೊತೆಗಾರನೊಬ್ಬ ಸಂದೇಶ ತಂದ. ಗಂಪಿಗೆ ಗುರುಗಳ ಒಪ್ಪಿಗೆಯಂತೆ; ದಪ್ಪ ರಟ್ಟಿಗೆ ಅಂಟಿಸಿ ತರಬೇಕಂತೆ. ಅಷ್ಟರಲ್ಲಿ ಬಲೆ ಇಡುವ ಹಳೆಯ ಕೋಣೆಯೊಂದು ಹಿಸಾನೊಳ ಮುದ್ರಣಶಾಲೆಯಾಗಿತ್ತು. ಗಿರಾಕಿಗಳು ಕಡಿಮೆ, ಹರಿಯುವ ಹಾಳೆಗಳು ಜಾಸ್ತಿ.

"ಇಷ್ಟಕ್ಕೆ ಒಪ್ಪಿದ್ದೇ ದೊಡ್ಡದು, ಹಿಸಾನೊ. ಬಂದ್ಬಿಡು," ಎಂದ ಅವನು.

"ರಟ್ಟಿಗೆ ಅಂಟಿಸಿದ್ರೆ ಬೆಳಕು ಎಲ್ಲಿಂದ ಬರುತ್ತೆ? ಅಂಟಿಸಲ್ಲ ಅಂತ ಹೇಳು. ನೀನು ಊಟ ಮಾಡ್ಕೊಂಡೇ ಹೋಗು," ಎಂದು ಅವಳು ಒಲೆಯ ಕಡೆ ತಿರುಗಿದಳು.