ಫೋಟೋಗೆ ತೊಡಿಸಿದ ಪೇಟ

ಅಜ್ಜಂಪುರದ ಹೈಸ್ಕೂಲಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಒಬ್ಬ ನಾಜಿ ನಾಯಕನ ಕಥೆ ಬಂದಾಗಲೆಲ್ಲ ಮೈ ಉರಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿ ಹೆಸರು ಮಾಡಿದವನು; ಆಮೇಲೆ ಜರ್ಮನಿಯಲ್ಲೇ ಎರಡನೇ ಸ್ಥಾನಕ್ಕೇರಿದ. ಎದೆ ತುಂಬ ಪದಕ, ಮನೆ ತುಂಬ ಕಂಡವರಿಂದ ದೋಚಿದ ಚಿತ್ರಗಳು. ಸೋತು ಸಿಕ್ಕಿಬಿದ್ದ ಮೇಲೆ ಗಲ್ಲುಶಿಕ್ಷೆಯಾಯಿತು. ನೇಣಿಗೆ ಇನ್ನೇನು ಎರಡು ಗಂಟೆ ಇದೆ ಅನ್ನುವಾಗ ಆ ಅಯೋಗ್ಯ ವಿಷ ನುಂಗಿ ತಪ್ಪಿಸಿಕೊಂಡ. ಪ್ರತಿ ವರ್ಷ ಕ್ಲಾಸಿನಲ್ಲಿ ಯಾರಾದರೊಬ್ಬರು ಕೇಳುತ್ತಾರೆ: "ಮಿಸ್, ಕಾವಲಿನವ್ರು ಏನ್ ಮಾಡ್ತಿದ್ರು?"

"ಕತ್ತೆ ಕಾಯ್ತಿದ್ರು" ಎಂದು ರೇಗುತ್ತೇನೆ.

ಲಕ್ಷಾಂತರ ಜನರ ಸಾವಿಗೆ ಕಾರಣನಾದವನ ಜೊತೆ ನಮ್ಮ ಹಳೇ ಹೆಡ್‌ಮಾಸ್ಟರನ್ನು ತೂಗಬಾರದು, ಗೊತ್ತು. ಆದರೆ ಸಿಟ್ಟು ತಕ್ಕಡಿ ಹಿಡಿದು ಕೂರುವುದಿಲ್ಲ. ನಾವು ಓದುವಾಗ ಹೆಣ್ಣುಮಕ್ಕಳು ಸರದಿಯಂತೆ ಅವನ ಮನೆ ಗುಡಿಸಬೇಕಿತ್ತು. ಅಕ್ಕನ ಸರದಿಯ ದಿನ ಅವನ ಹೆಂಡತಿಯ ಓಲೆ ಕಳೆಯಿತು. ಮರುದಿನ ಅಕ್ಕನ ಕೊರಳಿಗೆ 'ಕಳ್ಳಿ' ಎಂದು ಬರೆದ ಸ್ಲೇಟು ನೇತುಹಾಕಿ, ಪ್ರಾರ್ಥನೆ ಮುಗಿಯುವವರೆಗೆ ಎಲ್ಲರೆದುರು ನಿಲ್ಲಿಸಿದ. ಒಂಬತ್ತನೇ ಕ್ಲಾಸಿನ ಅಕ್ಕ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಆ ಯುಗಾದಿಗೆ ಅದೇ ಓಲೆ ಅವನ ಹೆಂಡತಿಯ ಕಿವಿಯಲ್ಲಿತ್ತು. ಅಪ್ಪ ಹೋಗಿ ಕೇಳಿದರೆ, "ಸಿಕ್ತು ಕಣಯ್ಯ. ಹಂಗಂತ ಎಲ್ರ ಮುಂದೆ ಹೇಳೋಕಾಗುತ್ತಾ? ಸ್ಕೂಲಿನ ಮಾನ ನೋಡ್ಬೇಕಲ್ಲ" ಎಂದನಂತೆ.

ಈ ವರ್ಷ ಹಳೇ ವಿದ್ಯಾರ್ಥಿಗಳು ಅವನಿಗೆ ಸನ್ಮಾನ ಇಟ್ಟುಕೊಂಡರು. ಪರಿಚಯ ಭಾಷಣ ನನ್ನದಂತೆ! ಸ್ವರ್ಗಕ್ಕೆ ಮೂರೇ ಗೇಣು. ಓಲೆಯ ಕಥೆಯನ್ನು ಒಂದಕ್ಷರ ಬಿಡದೆ ಬರೆದಿಟ್ಟು, ಹಿರೇನಲ್ಲೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ಮುಂದಿನ ಸಾಲಲ್ಲೇ ಕೂತ್ಕೋ. ಅವನಿಗೆ ಪೇಟ ತೊಡಿಸ್ಲಿ, ನಾನು ಇಳಿಸ್ತೀನಿ."

"ನನಗೆ ಅವನ ಮುಖ ನೋಡ್ಬೇಕು ಕಣೇ, ಅಷ್ಟೇ" ಎಂದಳು.

ಸನ್ಮಾನದ ಹಿಂದಿನ ದಿನ ಬೆಳಿಗ್ಗೆ ಅವನು ಕಾಫಿ ಕುಡಿದು ಕುರ್ಚಿಯಲ್ಲೇ ಹೋಗಿಬಿಟ್ಟ. ಥೂ! ಒಂದು ನರಳಾಟವೂ ಇಲ್ಲ.

ಶಾಮಿಯಾನ ಹಾಕಿಯಾಗಿತ್ತು, ಉಪ್ಪಿಟ್ಟಿಗೆ ಹೇಳಿಯಾಗಿತ್ತು. ಸಮಿತಿಯವರು ಸನ್ಮಾನವನ್ನೇ ನುಡಿನಮನ ಮಾಡಿದರು. ತಂದಿದ್ದ ಪೇಟವನ್ನು ಫೋಟೋಗೆ ತೊಡಿಸಿ, ಶಾಲನ್ನೂ ಹೊದಿಸಿದರು. "ಮೇಡಂ, ಬರ್ದಿದ್ದನ್ನೇ ಓದ್ಬಿಡಿ, ಹೊಸದ್ಯಾಕೆ?" ಎಂದು ನನ್ನ ಕೈಗೆ ಮೈಕು ಕೊಟ್ಟರು.

ಓದಿದೆ. ಆ ನಾಜಿ ಸತ್ತ ಮೇಲೂ ಹೆಣವನ್ನು ತಂದು ಸಾಕ್ಷಿಗಳಿಗೆ ತೋರಿಸಿದ್ದರಲ್ಲ, ನಾನೇಕೆ ಬಿಡಲಿ? ಸ್ಲೇಟು, ಓಲೆ, ಯುಗಾದಿ, ಎಲ್ಲ ಓದಿದೆ. ಯಾರೋ ಮೈಕು ಆರಿಸಿದರು. ಉಳಿದದ್ದನ್ನು ಕೂಗಿ ಹೇಳಿದೆ. ಜನ ನೆಲ ನೋಡುತ್ತ ಕೂತಿದ್ದರು.

ಮುಂದಿನ ಸಾಲಿನಿಂದ ಎದ್ದ ಅಕ್ಕನನ್ನು ಬಸ್‌ಸ್ಟ್ಯಾಂಡಿಗೆ ಕರೆತಂದೆ. "ಈಗಾದ್ರೂ ಸಮಾಧಾನ ಆಯ್ತಾ?" ಎಂದೆ.

"ಯಾರಿಗ್ ಹೇಳ್ದೆ? ಆ ಫೋಟೋಗಾ?" ಅಕ್ಕ ನನ್ನ ಮುಖವನ್ನೇ ನೋಡಿದಳು. "ಮೂವತ್ತು ವರ್ಷ ನೀನು ಅವನ ಬೀದಿಲೇ ಇದ್ದೆ. ದಿನಾ ಎದುರು ಸಿಗ್ತಿದ್ದ. ನಮಸ್ಕಾರ ಸಾರ್ ಅಂತಿದ್ದೆ. ಇಷ್ಟ್ ದಿನ ಏನ್ ಮಾಡ್ತಿದ್ದೆ ನೀನು?"

ಬಸ್ಸು ಬಂತು, ಹತ್ತಿದಳು. ಕತ್ತೆ ಕಾಯ್ತಿದ್ದೆ ಎನ್ನಲೂ ನನಗೆ ಬಾಯಿ ಬರಲಿಲ್ಲ.