ಗಿರಿಜಕ್ಕನನ್ನು ಔಟ್ ಮಾಡಿದ ರವಿವಾರ

ಹೋದ ರವಿವಾರ ಮಧ್ಯಾಹ್ನ ಶಹಾಪುರದ ನಮ್ಮ ಮನೆಯಲ್ಲಿ ಪೋಕರ್ ಟೂರ್ನಮೆಂಟ್ ನಡೆಯಿತು. ಆಡಿದವರು ನಾನೂ ಸೇರಿ ನಾಲ್ಕು ಜನ ಟೀಚರಮ್ಮಂದಿರು. ಯಾಕ್ರಿ, ನಗ್ತೀರಾ? (ದುಡ್ಡಿನ ಮಾತೇ ಇರಲಿಲ್ಲ. ಪಣಕ್ಕಿಟ್ಟಿದ್ದು ಹುಣಸೆ ಬೀಜ. ಆದರೂ ನಮ್ಮ ಯಜಮಾನರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು.)

ಮೊದಲೆಲ್ಲ ನಾವು ಆಡುತ್ತಿದ್ದದ್ದು ರಮ್ಮಿ. ಆರು ತಿಂಗಳ ಹಿಂದೆ ಗಿರಿಜಕ್ಕನಿಗೆ ಲಕ್ವಾ ಹೊಡೆಯಿತು. ಗಿರಿಜಕ್ಕ ಅಂದರೆ ನಮ್ಮ ಶಾಲೆಯ ರಿಟೈರ್ಡ್ ಪಿ.ಟಿ. ಮೇಡಂ. ಅವರು ಸೀಟಿ ಊದಿದರೆ ಹೆಡ್‌ಮಾಸ್ತರೂ ಲೈನಿಗೆ ನಿಲ್ಲುತ್ತಿದ್ದರು! ಈಗ ಬಲಗೈಯಲ್ಲಿ ಶಕ್ತಿಯಿಲ್ಲ. ಹದಿಮೂರು ಎಲೆ ಒಟ್ಟಿಗೆ ಹಿಡಿಯಲಿಕ್ಕೆ ಆಗೋದಿಲ್ಲ ಅಂತ ಆಟಕ್ಕೆ ಬರೋದನ್ನೇ ಬಿಟ್ಟರು. ಕರೆದರೆ "ಆಮ್ಯಾಲ ನೋಡೂಣು" ಅಂತ ಫೋನ್ ಇಡೋರು. ಪೋಕರ್‌ನಲ್ಲಿ ಕೈಗೆ ಬರೋದು ಎರಡೇ ಎಲೆ ಅಂತ ಗಣಿತದ ಟೀಚರ್ ಶಶಿಕಲಾ ಮೊಬೈಲ್‌ನಲ್ಲಿ ಕಂಡುಹಿಡಿದಳು. ನಮಗೆ ಅಷ್ಟು ಸಾಕಿತ್ತು. ಎರಡೇ ಎಲೆ ಅಂದಾಗ ಗಿರಿಜಕ್ಕನೂ ಒಪ್ಪಿ ಬಂದರು.

ಎಲೆ ಚೆನ್ನಾಗಿದ್ದರೆ ಬೀಜ ಮುಂದಿಡು, ಇಲ್ಲದಿದ್ದರೆ ಎಲೆ ಬೋರಲು ಹಾಕಿ ಆ ಸುತ್ತು ಬಿಟ್ಟುಕೊಡು. ಬೀಜ ಮುಗಿದವರು ಔಟ್. ಸರಳ ಅಲ್ವಾ?

ನಮ್ಮ ಕಡೆ ಸರಳ ಅಲ್ಲ! ಸುರಪುರದಿಂದ ಬಸ್ಸು ಹಿಡಿದು ಬಂದಿದ್ದ ಗೆಳತಿ ಮಹಾದೇವಿಯ ಬೀಜ ಮೊದಲು ಖಾಲಿಯಾಯಿತು. ನಾನು "ಔಟ್" ಅಂದೆ. ಶಶಿಕಲಾ ಕಣ್ಣು ಬಿಟ್ಟಳು. "ಅಯ್ಯ, ಮನೀಗಿ ಬಂದಾಕಿನ್ನ ಎಬ್ಬಸ್ತಿ ಏನವಾ?" ಅನ್ನುತ್ತಲೇ ತನ್ನ ಬೀಜದಲ್ಲಿ ಒಂದು ಹಿಡಿ ತೆಗೆದು ಮಹಾದೇವಿಯ ಮುಂದೆ ಸುರಿದಳು. ಬೇಡ ಬೇಡ ಅಂದರೂ ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸಿದ ಹಾಗೆ. ಹೀಗೆ ನಾಲ್ಕು ಸಲ. ಯಾರೂ ಔಟಾಗದ ಟೂರ್ನಮೆಂಟ್ ಮುಗಿಯೋದು ಯಾವಾಗ?

ಗಿರಿಜಕ್ಕನ ವಿಷಯವಂತೂ ಕೇಳಲೇಬೇಡಿ. ಅವರು ಬೀಜ ಮುಂದಿಟ್ಟರೆ ಸಾಕು, ನಾವು ಮೂವರೂ ಎಲೆ ಬೋರಲು. ಪಾಪ, ಗೆಲ್ಲಲಿ ಬಿಡು ಅಂತ. ಅವರ ಮುಂದೆ ಬೀಜದ ಗುಡ್ಡೆ ಬೆಳೆಯಿತು, ಮುಖ ಮಾತ್ರ ಗಂಟಾಯಿತು. ಕೊನೆಗೊಮ್ಮೆ ಎಡಗೈ ಚಾಚಿ ನಾನು ಬೋರಲು ಹಾಕಿದ್ದ ಎಲೆ ತಿರುವಿದರು. ಎರಡು ರಾಜ! ಇಂಥ ಜೋಡಿ ಯಾವ ಹುಚ್ಚಿ ಬಿಡ್ತಾಳೆ?

"ನಂಗ ಲಕ್ವಾ ಹೊಡದದ, ಬುದ್ಧಿ ಹೋಗಿಲ್ಲ," ಅಂದರು. ನಾಲಗೆ ತೊದಲುತ್ತಿದ್ದರೂ ಸಿಟ್ಟು ಹಳೆಯದೇ. "ಮನ್ಯಾಗ ನಾ ಏನಂದ್ರೂ ಎಲ್ಲಾರೂ ಹ್ಞೂ ಅಂತಾರ. ನೀವೂ ಹಂಗೇ ಮಾಡಾಕತ್ತೀರಿ. ನಾ ಹೋಗ್ತೀನಿ, ಇನ್ನ ಕರೀಬ್ಯಾಡ್ರಿ." ಕೋಲು ಹಿಡಿದು ಎದ್ದೇಬಿಟ್ಟರು.

ಇವತ್ತು ಹೋದರೆ ಮತ್ತೆ ಬರುವ ಹೆಂಗಸಲ್ಲ. ನನಗೆ ನಾಚಿಕೆಯಾಯಿತು. ನನ್ನದೂ ಬಾಯಿ ಜೋರು ನೋಡಿ, ಕೂಗಿಯೇಬಿಟ್ಟೆ. "ಕುಂದ್ರಿ ಅಕ್ಕಾರ! ಬೀಜ ಎಲ್ಲಾ ವಾಪಸ್ ಇಡ್ರಿ. ಮೊದಲಿಂದ ಆಡೂಣು. ಈ ಸಲ ನಿಮ್ಮನ್ನ ಬಿಟ್ರ ಕೇಳ್ರಿ!"

ಗಿರಿಜಕ್ಕ ಕೋಲು ಗೋಡೆಗೆ ಒರಗಿಸಿ ಕೂತರು.

ಆಮೇಲೆ ಆಡಿದೆವು ನೋಡಿ! ಗಿರಿಜಕ್ಕ ಕೈಯಲ್ಲಿ ಏನೂ ಇಲ್ಲದೆಯೇ ಮಹಾದೇವಿಯನ್ನು ಹೆದರಿಸಿ ಅರ್ಧ ಬೀಜ ಕಿತ್ತುಕೊಂಡರು. ನನ್ನ ಹತ್ತಿರ ಆ ಆಟ ನಡೆಯಲಿಲ್ಲ. ಇದ್ದ ಬೀಜವನ್ನೆಲ್ಲ ಮುಂದೆ ತಳ್ಳಿದರು, ನಾನೂ ತಳ್ಳಿದೆ. ಅವರದು ರಾಣಿ ಜೋಡಿ, ನನ್ನದು ಎಕ್ಕಾ ಜೋಡಿ. "ಔಟ್!" ಅಂದೆ. ಅಭ್ಯಾಸಬಲ, ಶಶಿಕಲಾಳ ಕೈ ತನ್ನ ಬೀಜದ ಕಡೆ ಹೋಯಿತು. ಗಿರಿಜಕ್ಕ ಆ ಕೈಗೆ ಪಟ್ಟಂತ ಒಂದು ಕೊಟ್ಟರು. ಆಮೇಲೆ ನಕ್ಕರು, ಹೊಟ್ಟೆ ಹಿಡಿದುಕೊಂಡು. ಆರು ತಿಂಗಳಾದ ಮೇಲೆ ಆ ನಗು ಕೇಳಿ ನನಗೆ ಕಣ್ಣು ತುಂಬಿತು.

ಬುಧವಾರ ಅವರೇ ಫೋನ್ ಮಾಡಿದರು. "ಬಲಗೈಲೆ ಎಲಿ ಕಲಸಾಕತ್ತೀನಿ. ಅರ್ಧ ನೆಲಕ್ಕ ಬೀಳ್ತಾವ. ಬರೋ ರವಿವಾರ ನಮ್ಮ ಮನ್ಯಾಗ ಆಟ. ನಿನ್ನ ಸೊಕ್ಕು ಇಳಸ್ತೀನಿ, ತಯಾರಾಗಿ ಬಾ."

ಇಳಿಸಲಿ. ನಾನಂತೂ ಬಿಟ್ಟುಕೊಡೋದಿಲ್ಲ.

ನಿಮ್ಮ ಮನೆಯಲ್ಲೂ ಕಾಯಿಲೆಯಿಂದ ಎದ್ದವರೊಬ್ಬರು ಇದ್ದಾರಾ? "ಪಾಪ" ಅನ್ನೋದು ಬಿಟ್ಟು, ಒಂದೇ ಒಂದು ಸಲ ಅವರನ್ನು ನ್ಯಾಯವಾಗಿ ಸೋಲಿಸಿ ನೋಡ್ತೀರಾ?