ಸಿಪ್ರಿಯಾನರ ಕೋಳಿ ಶೆಡ್ಡಿಗೆ ಮಾತೆ ಬಂದದ್ದು

ಪೆರ್ಲದ ಆಚೆಗಿನ ಇಗರ್ಜಿಯಲ್ಲಿ ನ್ಯಾಯಕ್ಕಾಗಿ ಹಸಿದವರು ಹಲವರಿದ್ದರು. ಆದರೆ ಆ ಹಸಿವನ್ನು ಮೈಕಿನ ಮುಂದೆ ತೀರಿಸಿಕೊಳ್ಳಲು ಬಲ್ಲವರು ಸಿಪ್ರಿಯಾನ್ ಕ್ರಾಸ್ತಾ ಒಬ್ಬರೇ. ಇಗರ್ಜಿಯ ಕೆಳಗಿನ ವಾರ್ಡಿಗೆ ಅವರು ಗುರ್ಕಾರ, ಅಂದರೆ ಮುಖಂಡ. ಅವರನ್ನು ಕೇಳದೆ ಅಲ್ಲಿ ಮದುವೆ ಕುದುರುವಂತಿರಲಿಲ್ಲ, ಸಾಯುವುದಾದರೂ ಒಂದು ಮಾತು ತಿಳಿಸಿಯೇ ಸಾಯಬೇಕಿತ್ತು.

ಆ ವರ್ಷ ಫಾದರ್ ವಲೇರಿಯನ್ ಹೊಸ ಪ್ರಸಂಗ ಹಿಡಿದಿದ್ದರು: "ಮೊಣಕಾಲೂರಿದ್ದು ಸಾಕು, ಇನ್ನು ಎದ್ದು ನ್ಯಾಯ ಮಾಡಿ." ಅಕ್ಟೋಬರ್ ಜಪಮಾಲೆಯ ತಿಂಗಳು. ಮಾತೆಯ ಮೂರ್ತಿ ದಿನಕ್ಕೊಂದು ಮನೆಗೆ ಹೋಗಿ ತಂಗುತ್ತದೆ. ವಾರ್ಡಿನವರೆಲ್ಲ ಅಲ್ಲಿ ಸೇರಿ ಜಪ ಮಾಡಿ ಚಾ ಕುಡಿಯುತ್ತಾರೆ. ಯಾವ ದಿನ ಯಾರ ಮನೆ ಎಂದು ನಿಗದಿ ಮಾಡುವ ಸಭೆಯಲ್ಲಿ ಸಿಪ್ರಿಯಾನರು ಗುಡುಗಿದರು:

"ಮಾತೆ ಟೆರೇಸು ಮನೆಗೆ ಮಾತ್ರ ಹೋಗುವುದು ಎಂತ ನ್ಯಾಯ ಫಾದರ್? ಕಥೋಲಿಕನ ತಲೆಯ ಮೇಲೆ ಒಂದು ಮಾಡು ಇದ್ದರೆ ಸಾಕು, ಅದರಡಿಗೆ ಮಾತೆ ಹೋಗಲೇಬೇಕು!"

ಚಪ್ಪಾಳೆ ಬಿತ್ತು. ನಿರ್ಣಯವೂ ಆಯಿತು.

"ಹಾಗಾದರೆ ಬರುವ ಶನಿವಾರ ನಿಮ್ಮ ಆಲ್ಬಿಸನಲ್ಲಿಗೆ ಇಡುವ," ಎಂದರು ಫಾದರ್. "ಜಾರ್ಖಂಡಿನವನಾದರೆ ಎಂತ, ಪೂಜೆ ತಪ್ಪಿಸುವ ಜನ ಅಲ್ಲ."

ಗುರ್ಕಾರರ ಮುಖದಲ್ಲಿ ಚಪ್ಪಾಳೆಯ ಬಿಸಿ ಆರಿತು. ಅವರ ತೋಟದ ಆಳು ಆಲ್ಬಿಸ್ ಕುಜೂರ್, ಹೆಂಡತಿ ಸಲೋಮಿ ಮತ್ತು ಮಗು ಇದ್ದದ್ದು ಮನೆಯ ಹಿಂದಿನ ಹಳೆಯ ಕೋಳಿ ಶೆಡ್ಡಿನಲ್ಲಿ. ಮೇಲೆ ಹರಿದ ಟರ್ಪಾಲು, ಒಳಗೆ ಚಿಮಿಣಿ ದೀಪ, ಹೊರಕಡೆಗೆ ಹೋಗಲು ಗೇರುಗುಡ್ಡೆ. ಅದನ್ನೀಗ ಇಡೀ ವಾರ್ಡು ಮೇಣದಬತ್ತಿ ಹಿಡಿದು ನೋಡಲಿತ್ತು.

ಅವರು ಆಲ್ಬಿಸನನ್ನು ಕರೆದು ಬೆಲ್ಲದಂತೆ ಮಾತಾಡಿದರು. "ನೀವು ನಮ್ಮ ಚಾವಡಿಗೇ ಬನ್ನಿ ಮಾರಾಯ. ಮಾತೆಯನ್ನು ಅಲ್ಲಿಯೇ ಇಡುವ."

"ಮಾತೆ ನಿಮ್ಮಲ್ಲಿಗೆ ಮೊನ್ನೆಯೇ ಬಂದಾಯ್ತಲ್ಲ ಮಾಲಿಕ್," ಎಂದ ಆಲ್ಬಿಸ್ ಸಂಭ್ರಮದಿಂದ. "ಸಲೋಮಿ ನೆಲ ಸಾರಿಸಿ ಆಯ್ತು. ಮಾಡು ಸೋರಿದರೆ ಮಾತೆಗೆ ನಾನು ಕೊಡೆ ಹಿಡೀತೇನೆ."

ಕೊಡೆಯ ಮಾತು ಕೇಳಿ ಗುರ್ಕಾರರ ಹೆಂಡತಿ ಎಮಿಲ್ಡಾ ನಕ್ಕುಬಿಟ್ಟರು. "ಆ ಚಂದವನ್ನು ನೆರೆಮನೆಯ ಲೂಸಿಬಾಯಿ ನೋಡಿದರೆ ಬೆಳಗಾಗುವಾಗ ಮಂಜೇಶ್ವರಕ್ಕೆ ಮುಟ್ಟುತ್ತದೆ. ನೀವು ಮುಖ ಎಲ್ಲಿಡ್ತೀರಿ?"

ಯುದ್ಧ ಶುರುವಾಯಿತು. ಸಿಮೆಂಟು, ತಗಡು, ವಯರು, ಪೈಪುಗಳ ಚತುರಂಗ ಸೇನೆ ಹಿತ್ತಿಲಿಗೆ ನುಗ್ಗಿತು. ಸೇನಾಪತಿ ಕೂಸಪ್ಪ ಮೇಸ್ತ್ರಿ.

"ಎಂತ ಪೊರ್ಬುಗಳೇ, ಪುನಃ ಕೋಳಿ ಸಾಕ್ತೀರಾ?"

"ನೀನು ಕೆಲಸ ಮಾಡು ಮಾರಾಯ."

"ಅಲ್ಲ, ಕೋಳಿಗೆ ಕಕ್ಕಸು ಯಾಕೆ ಅಂತ ಕೇಳಿದೆ. ಅಷ್ಟೆ."

ಶನಿವಾರ ಸಂಜೆ ಮಾತೆ ಹೊಸ ತಗಡಿನಡಿ, ಬಲ್ಬಿನ ಬೆಳಕಿನಲ್ಲಿ ವಿರಾಜಮಾನಳಾದಳು. ಕಕ್ಕಸಿನ ನೀಲಿ ಬಾಗಿಲನ್ನು ಲೂಸಿಬಾಯಿ ಸ್ವತಃ ತೆರೆದು, ಮುಚ್ಚಿ, ಪುನಃ ತೆರೆದು ನೋಡಿದರು. ಸಲೋಮಿ ತನ್ನ ಭಾಷೆಯಲ್ಲಿ ಹಾಡಿದಳು. ಯಾರಿಗೂ ಅರ್ಥವಾಗದಿದ್ದರೂ ಎಮಿಲ್ಡಾ ಕಣ್ಣೊರೆಸಿಕೊಂಡರು. ಗುರ್ಕಾರರ ಎದೆ ಅಂಗಿಯ ಗುಂಡಿಗಳಿಗೆ ಭಾರವಾಗುವಷ್ಟು ಉಬ್ಬಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಫಾದರ್, "ಆಲ್ಬಿಸ್, ಎರಡು ಮಾತು ಹೇಳು," ಎಂದರು.

ಆಲ್ಬಿಸ್ ಕೈಮುಗಿದ. "ಮೂರು ಮಳೆಗಾಲ ಟರ್ಪಾಲಿನಡಿ ಇದ್ದೆವು. ಮಾತೆ ಬರ್ತಾಳೆ ಅಂತ ಆದದ್ದೇ ಮಾಲಿಕ್ ಒಂದೇ ವಾರದಲ್ಲಿ ಮಾಡು ಹಾಕಿಸಿದರು. ಹಿಲರಿ ಮಾಲಿಕರ ಪಂಪ್‌ಶೆಡ್ಡಿನಲ್ಲಿಯೂ ನಮ್ಮೂರಿನವರು ಇದ್ದಾರೆ. ಮಾತೆ ಅಲ್ಲಿಗೂ ಹೋಗಲಿ. ಎಲ್ಲರ ಶೆಡ್ಡಿಗೂ ಹೋಗಲಿ."

"ಆಮೆನ್" ಎನ್ನಬೇಕಾದ ಜಾಗದಲ್ಲಿ ಕೆಮ್ಮು ಕೇಳಿಸಿತು. ಗೋಳಿಬಜೆ ಬಿಸಿಯಿರುವಾಗಲೇ ಆ ವಾರ್ಡಿನ ಜನ ಎದ್ದು ಹೋದದ್ದು ಇಗರ್ಜಿಯ ಇತಿಹಾಸದಲ್ಲಿ ಅದೇ ಮೊದಲು. ಅಂಗಳದಲ್ಲಿ ಉಳಿದ ಸಿಪ್ರಿಯಾನರ ಕಿವಿ ಸುಡುತ್ತಿತ್ತು.

ಮರುದಿನ ಪೂಜೆಯ ನಂತರ ತುರ್ತು ಸಭೆ. ಹಿಲರಿ ಮೊಂತೇರೊ ಗಂಟಲು ಸರಿಮಾಡಿಕೊಂಡರು. "ಶೆಡ್ಡು ಮನೆ ಅಲ್ಲ ಫಾದರ್. ಪಂಚಾಯತಿನ ಮನೆ ನಂಬ್ರ ಇದ್ದಲ್ಲಿಗೆ ಮಾತ್ರ ಮಾತೆ ಹೋದರೆ ಸಾಕು."

ಹಲವು ತಲೆಗಳು ಅಲ್ಲಾಡಿದವು. ಆಗ ಸಿಪ್ರಿಯಾನರು ಎದ್ದರು. ಮೈಕು ಇರಲಿಲ್ಲ, ಬೇಕಾಗಲೂ ಇಲ್ಲ.

"ಬೆತ್ಲೆಹೇಮಿನ ಹಟ್ಟಿಗೆ ಯಾವ ನಂಬ್ರ ಇತ್ತು ಹಿಲರಿ? ನನ್ನ ಶೆಡ್ಡಿಗೆ ಬಂದ ಮಾತೆ ನಿನ್ನಲ್ಲಿಗೆ ಬಾರದಿದ್ದರೆ ಅದು ಅನ್ಯಾಯ! ಮಹಾ ಅನ್ಯಾಯ!"

ಇಷ್ಟು ವರ್ಷಗಳಲ್ಲಿ ನ್ಯಾಯದ ಬಗ್ಗೆ ಅವರು ಮನಸಾರೆ ಆಡಿದ ಮೊದಲ ಮಾತು ಅದು. ಹಿಲರಿ ಕುಳಿತರು. ಸೋಮವಾರ ಬೆಳಿಗ್ಗೆ ಅವರು ಕೂಸಪ್ಪ ಮೇಸ್ತ್ರಿಯ ಅಂಗಳ ಹತ್ತುವಾಗ, ವಾರ್ಡಿನ ಇನ್ನಿಬ್ಬರು ಮಾಲಿಕರು ಆಗಲೇ ಜಗಲಿಯಲ್ಲಿ ಬಂದು ಕುಳಿತಿದ್ದರು.